ಅಗ್ನಿಶಿಖೆಯ ನಿದ್ರೆಯನ್ನು ಕಾಯುವುದು: ಬೆಂಗಳೂರಿನ ಕೈತೋಟದಿಂದ ನನ್ನ ಅನುಭವ

ಅಗ್ನಿಶಿಖೆಯನ್ನು ಬೆಳೆಸಬಯಸುವವರು ಮೊದಲಿಗೇ ಮನಗಾಣಬೇಕಾದ ಸಂಗತಿಯೊಂದಿದೆ: ಈ ಬಳ್ಳಿ ವರ್ಷದ ಸರಿಸುಮಾರು ಅರ್ಧ ಕಾಲ ನೆಲದ ಮೇಲೆ ಇರುವುದೇ ಇಲ್ಲ. ಮುಂಗಾರಿಗೆ ಮೊದಲಿನ ಮಳೆಗೆ ಚಿಗುರಿ, ಶ್ರಾವಣ ಭಾದ್ರಪದಗಳಲ್ಲಿ ಹೂಬಿಟ್ಟು, ದೀಪಾವಳಿಯ ಹೊತ್ತಿಗೆ ಹಳದಿಗಟ್ಟಿ ಒಣಗುವ ಇದು, ಮುಂದಿನ ಬೇಸಿಗೆ ಮುಗಿಯುವವರೆಗೆ ಗೆಡ್ಡೆಯಾಗಿ ಮಣ್ಣಿನೊಳಗೆ ಮಲಗಿರುತ್ತದೆ. ಬನಶಂಕರಿಯ ನಮ್ಮ ಮನೆಯ ಪೂರ್ವದ ಕಡೆಗಿರುವ ಸಣ್ಣ ಪಟ್ಟಿಯಲ್ಲೂ ತಾರಸಿಯ ಕುಂಡಗಳಲ್ಲೂ ಹಲವು ಮಳೆಗಾಲಗಳಿಂದ ಇದನ್ನು ಬೆಳೆಸುತ್ತ ಬಂದಿದ್ದೇನೆ. ನಾನು ಕಂಡಂತೆ, ಬೆಂಗಳೂರಿನ ಕೈತೋಟಗಳಲ್ಲಿ ಈ ಗಿಡ ಕೈತಪ್ಪಿ ಹೋಗುವುದು ಬಹುತೇಕ ಆ ನಿದ್ರೆಯ ಕಾಲದಲ್ಲಿ ಯಾರೋ ಪ್ರೀತಿಯಿಂದ ನೀರುಣಿಸಿದ್ದರಿಂದಲೇ.

ಸಸ್ಯಶಾಸ್ತ್ರದಲ್ಲಿ ಗ್ಲೋರಿಯೋಸಾ ಸುಪರ್ಬಾ ಎಂಬ ಹೆಸರನ್ನು ಇದಕ್ಕೆ 1753ರಲ್ಲಿ ಲಿನೇಯಸ್ ಕೊಟ್ಟದ್ದು. ಆಫ್ರಿಕದ ಉಷ್ಣವಲಯ ಮತ್ತು ದಕ್ಷಿಣ ಭಾಗಗಳಿಂದ ಹಿಡಿದು ನಮ್ಮ ದೇಶವನ್ನು ದಾಟಿ ಆಗ್ನೇಯ ಏಷ್ಯಾದವರೆಗೆ ಇದು ಸಹಜವಾಗಿ ಬೆಳೆಯುತ್ತದೆ. ಜಿಂಬಾಬ್ವೆಗೆ ಇದು ರಾಷ್ಟ್ರೀಯ ಹೂವು. ಅದು ರೊಡೇಷಿಯಾ ಆಗಿದ್ದ 1947ರಲ್ಲಿ, ರಾಜಕುಮಾರಿ ಎಲಿಜಬೆತ್‌ಗೆ ಇಪ್ಪತ್ತೊಂದನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಇದೇ ಹೂವಿನ ಆಕಾರದ, ಉಡುಪಿಗೆ ಚುಚ್ಚಿಕೊಳ್ಳುವ ವಜ್ರದ ಬ್ರೂಚನ್ನು ಅಲ್ಲಿಂದ ಕೊಟ್ಟಿದ್ದರು. ನೆರೆಯ ತಮಿಳುನಾಡಿಗೂ ಇದು ರಾಜ್ಯಪುಷ್ಪ. ನಮ್ಮಲ್ಲಿ ಅಗ್ನಿಶಿಖೆ, ಗೌರಿಹೂವು, ಕೋಳಿಕುಟುಮ ಎಂದು ಊರಿಗೊಂದು ಹೆಸರಿದೆ. ಆಯುರ್ವೇದದವರು ಲಾಂಗಲಿ ಎನ್ನುತ್ತಾರೆ. ನರ್ಸರಿಗಳಲ್ಲಿ ಸಿಗುವ, ಅಗಲವಾದ ಕಡುಗೆಂಪು ಎಸಳುಗಳ ರಾತ್‌ಸ್‌ಚೈಲ್ಡಿಯಾನಾ ಎಂಬ ಬಗೆ ಆಫ್ರಿಕದ ಮೂಲದ್ದು. ನಮ್ಮ ಬೇಲಿಸಾಲುಗಳ ಬಗೆಯಲ್ಲಿ ಎಸಳು ಕಿರಿದು, ಅಂಚೆಲ್ಲ ಸುಕ್ಕುಸುಕ್ಕಾಗಿ ಅಲೆಯಾಡುತ್ತಿರುತ್ತದೆ. ನನ್ನ ಬಳಿ ಎರಡೂ ಇವೆ, ಎರಡರ ಆರೈಕೆಯೂ ಒಂದೇ.

ಇದು ಔಷಧಿಯ ಗಿಡ ಎನ್ನುವಾಗಲೇ ಘೋರ ವಿಷದ ಗಿಡ ಎಂಬುದನ್ನೂ ಹೇಳಬೇಕು. ಗೆಡ್ಡೆ, ಬೀಜ, ಎಲೆ, ಹೂವು ಎಲ್ಲದರಲ್ಲೂ ಕೊಲ್ಚಿಸಿನ್ ಇದೆ. 1820ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕವಾಂತು ಎಂಬ ರಸಾಯನಜ್ಞರು ಕೊಲ್ಚಿಕಮ್ ಎಂಬ ಬಂಧುಸಸ್ಯದಿಂದ ಮೊದಲು ಬೇರ್ಪಡಿಸಿದ ಈ ವಸ್ತುವನ್ನು ಗೌಟ್ ಎಂಬ ಕೀಲುನೋವಿಗೆ ವೈದ್ಯರು ಇಂದಿಗೂ ಬರೆದುಕೊಡುತ್ತಾರೆ. ಜೀವಕೋಶ ಒಡೆದು ಎರಡಾಗುವಾಗ ವರ್ಣತಂತುಗಳನ್ನು ಎರಡೂ ಕಡೆಗೆ ಎಳೆಯುವ ಸೂಕ್ಷ್ಮ ನಳಿಕೆಗಳು ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ. ವರ್ಣತಂತುಗಳನ್ನು ಇಮ್ಮಡಿಗೊಳಿಸಿ ಹೊಸ ತಳಿ ಮಾಡಲು 1937ರಿಂದೀಚೆಗೆ ಸಸ್ಯವಿಜ್ಞಾನಿಗಳು ಇದನ್ನು ಬಳಸುತ್ತಿರುವುದೂ ಈ ಗುಣಕ್ಕಾಗಿಯೇ, ಮನುಷ್ಯನ ಹೊಟ್ಟೆಗೆ ಹೋದರೆ ಕರುಳಿನಿಂದ ಮಜ್ಜೆಯವರೆಗೆ ಎಲ್ಲವನ್ನೂ ಕೆಡಿಸುವುದೂ ಈ ಗುಣದಿಂದಲೇ. ಆಯುರ್ವೇದ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿ, ಗೋಮೂತ್ರದಲ್ಲಿ ನೆನೆಸಿ ಶುದ್ಧಿಮಾಡದೆ ಬಳಸಬಾರದೆಂದು ಹೇಳಿದೆ. ಹಾಗಾಗಿ ಈ ಗಿಡದಿಂದ ಮನೆಯಲ್ಲಿ ಯಾವ ಮದ್ದನ್ನೂ ಮಾಡುವುದಿಲ್ಲ ಎಂಬ ನಿಯಮ ನಮ್ಮಲ್ಲಿದೆ, ಕೇಳಿಕೊಂಡು ಬಂದವರಿಗೂ ಅದನ್ನೇ ಹೇಳುತ್ತೇನೆ. ಔಷಧಿ ಕಾರ್ಖಾನೆಗೆ ಹೋಗುವ ಬೀಜವನ್ನು ಕರೂರು, ದಿಂಡಿಗಲ್, ಧಾರಾಪುರದ ಕಡೆಯ ರೈತರು ಹೊಲದಲ್ಲೇ ಬೆಳೆಯುತ್ತಾರೆ. ನನ್ನ ಮೊದಲ ಗೆಡ್ಡೆಗಳೂ ಅಂಥ ಬೆಳೆಗಾರರೊಬ್ಬರಿಂದ ಬಂದವು. ಕಾಡಿನಿಂದ ಅಗೆದು ತರುವುದನ್ನು ನಾನು ಒಪ್ಪುವುದಿಲ್ಲ. ಗೆಡ್ಡೆಗಾಗಿ ಅಗೆದು ಅಗೆದೇ ಎಷ್ಟೋ ಕಡೆ ಇದು ಕಾಣದಂತಾಗಿದೆ.

ಗೆಡ್ಡೆಯನ್ನು ಕೈಗೆತ್ತಿಕೊಂಡು ನೋಡಿದರೆ ಅರ್ಧ ಕೃಷಿ ಅರ್ಥವಾಗುತ್ತದೆ. ಬೆರಳು ಗಾತ್ರದ, ತೆಳು ಕಂದು ಸಿಪ್ಪೆಯ ಎರಡು ತೋಳುಗಳು ಒಂದು ಮೂಲೆಯಲ್ಲಿ ಕೂಡಿಕೊಂಡು ಪುಟ್ಟ ನೇಗಿಲಿನಂತೆ ಕಾಣುತ್ತವೆ. ಮೊಳಕೆಯ ಕಣ್ಣು ಇರುವುದು ತೋಳಿನ ತುದಿಯಲ್ಲಿ ಮಾತ್ರ, ಅದೂ ಒಂದೊಂದೇ. ಆಲೂಗಡ್ಡೆಯ ಹಾಗೆ ಎಲ್ಲೆಂದರಲ್ಲಿ ತುಂಡರಿಸಿ ನೆಡಲು ಬರುವುದಿಲ್ಲ, ಆ ತುದಿ ಮುರಿದರೆ ಉಳಿದ ಭಾಗ ಎಷ್ಟೇ ದಪ್ಪಗಿದ್ದರೂ ಪ್ರಯೋಜನವಿಲ್ಲ. ಎರಡು ತುದಿಗಳಲ್ಲೂ ಕಣ್ಣು ಊದಿಕೊಂಡಿದ್ದರೆ ಮೂಲೆಯಲ್ಲಿ ಎಚ್ಚರದಿಂದ ಬಿಡಿಸಿ, ಗಾಯಕ್ಕೆ ಬೂದಿ ಸವರಿ, ನೆರಳಿನಲ್ಲಿ ಒಣಗಿಸಿ, ಎರಡು ಗಿಡ ಮಾಡಿಕೊಳ್ಳಬಹುದು. ಈ ಕೆಲಸದಲ್ಲಿ ಕೈಗವಸು ಹಾಕಿಕೊಳ್ಳುತ್ತೇನೆ, ಏಕೆಂದರೆ ಗೆಡ್ಡೆಯ ರಸ ಚರ್ಮಕ್ಕೆ ಉರಿ ತರಿಸುತ್ತದೆ.

ನೆಡುವುದಕ್ಕೆ ನಾನು ಭರಣಿ, ಕೃತ್ತಿಕೆ ಮಳೆಗಳನ್ನು ನೋಡಿಕೊಳ್ಳುತ್ತೇನೆ, ಅಂದರೆ ಏಪ್ರಿಲ್ ಕೊನೆಯಿಂದ ಮೇ ಮೂರನೆಯ ವಾರದವರೆಗೆ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಸಂಜೆಗೆ ಗುಡುಗು ಸಹಿತ ಒಂದೆರಡು ಜೋರು ಮಳೆ ಬಿದ್ದು ಮಣ್ಣು ನೆನೆದು ಮತ್ತೆ ಬಿಸಿಯೇರುತ್ತದೆ. ಗೆಡ್ಡೆಯನ್ನು ಎಬ್ಬಿಸುವುದು ಆ ಬಿಸಿ ಮತ್ತು ಹಸಿ ಒಟ್ಟಿಗೆ ಬಂದಾಗಲೇ. ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೇಲೆ ಮೂರು ಬೆರಳಷ್ಟು ಮಣ್ಣು ಮುಚ್ಚುತ್ತೇನೆ. ಕುಂಡವಾದರೆ ಆಳಕ್ಕಿಂತ ಅಗಲ ಮುಖ್ಯ, ಹೊಸ ಗೆಡ್ಡೆಯ ತೋಳುಗಳು ಚಾಚಿಕೊಳ್ಳಲು ಜಾಗ ಬೇಕಲ್ಲವೇ.

ಮಣ್ಣಿನ ವಿಷಯದಲ್ಲಿ ನನಗೆ ಖಚಿತ ಅಭಿಪ್ರಾಯವಿದೆ: ನೀರು ನಿಲ್ಲಬಾರದು. ನಮ್ಮ ಕೆಂಪು ಮಣ್ಣು ಒಳ್ಳೆಯದೇ, ಆದರೆ ಕುಂಡದಲ್ಲಿ ಒಂದೇ ಮಳೆಗೆ ಗಟ್ಟಿಯಾಗಿ ಕುಳಿತುಬಿಡುತ್ತದೆ. ಅದಕ್ಕೆ ಸಮಪಾಲು ಒರಟು ಮರಳು ಮತ್ತು ಅದರ ಅರ್ಧದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸುತ್ತೇನೆ. ನದಿ ಮರಳು ಸಿಗದ ಈ ಕಾಲದಲ್ಲಿ ಎಂ-ಸ್ಯಾಂಡ್ ಬಳಸುವುದಾದರೆ, ಬಕೆಟ್ಟಿನಲ್ಲಿ ಹಾಕಿ ನೀರು ತಿಳಿಯಾಗುವವರೆಗೆ ತೊಳೆದೇ ಬಳಸಬೇಕು. ಅದರ ಕಲ್ಲಿನ ಪುಡಿ ಸಿಮೆಂಟಿನ ಹಾಗೆ ತಳದಲ್ಲಿ ಕೂರುತ್ತದೆ. ತಾರಸಿ ತೋಟದವರು ಎಲ್ಲದಕ್ಕೂ ಹಾಕುವ ಕೋಕೋಪೀಟನ್ನು ಈ ಗಿಡಕ್ಕೆ ನಾನು ಹಾಕುವುದಿಲ್ಲ.

ಚಿಗುರು ಕಾಣಿಸಿಕೊಳ್ಳುವ ಮೊದಲೇ ಆಸರೆ ನಿಲ್ಲಿಸಿರಬೇಕು, ಏಕೆಂದರೆ ಆಮೇಲೆ ಕೋಲು ಚುಚ್ಚಿದರೆ ಗೆಡ್ಡೆಗೇ ತಾಗುತ್ತದೆ. ಈ ಬಳ್ಳಿಗೆ ಬೇರೆ ಕುಡಿಗಳಿಲ್ಲ, ಎಲೆಯ ತುದಿಯೇ ಉದ್ದವಾಗಿ ಎಳೆದುಕೊಂಡು, ಸುರುಳಿಯಾಗಿ, ಸಿಕ್ಕಿದ್ದನ್ನು ಸುತ್ತಿಕೊಳ್ಳುತ್ತದೆ. ಆ ಸುರುಳಿ ಪೆನ್ಸಿಲ್ಲಿಗಿಂತ ದಪ್ಪದ್ದನ್ನು ಹಿಡಿಯಲಾರದು. ದಪ್ಪ ಬಿದಿರು ನೆಟ್ಟು ಹಗ್ಗದಿಂದ ಬಿಗಿದರೆ ಬಳ್ಳಿ ಅಲ್ಲಲ್ಲೇ ಬಾಗಿ ಮುರಿಯುತ್ತದೆ. ತಮಿಳುನಾಡಿನ ಹೊಲಗಳಲ್ಲಿ ಇದನ್ನು ಮುಳ್ಳುಕಿಲುವೈ ಎಂಬ ಕವಲುಕವಲಾದ ಬೇಲಿಗಿಡದ ಮೇಲೆ ಹಬ್ಬಿಸುವುದನ್ನು ಕಂಡ ಮೇಲೆ, ನಾನು ಸವರಿಹಾಕಿದ ದಾಸವಾಳದ ಒಣಕೊಂಬೆಗಳನ್ನು, ಸಣ್ಣ ಕಡ್ಡಿಗಳನ್ನು ತೆಗೆಯದೆ, ಹಾಗೆಯೇ ಕುಂಡದಲ್ಲಿ ನಿಲ್ಲಿಸಿ, ಮೇಲೆ ಕಿಟಕಿಯ ಸರಳಿಗೆ ಎರಡೆಳೆ ತೆಳು ತಂತಿ ಕಟ್ಟುತ್ತೇನೆ. ಬಳ್ಳಿ ಆಳೆತ್ತರ ದಾಟಿ ಸಲೀಸಾಗಿ ಹತ್ತುತ್ತದೆ. ಎಳೆಯ ಚಿಗುರಿನ ತುದಿಗೆ ಮಾತ್ರ ಕೈ ಹಚ್ಚಬಾರದು; ಅದು ಮುರಿದರೆ ಆ ಗೆಡ್ಡೆಯಿಂದ ಆ ವರ್ಷ ಹೂವಿನ ಆಸೆ ಬಿಡಬೇಕು.

ಜೂನ್ ನಂತರ ಮಳೆಯೇ ನೀರುಣಿಸುತ್ತದೆ, ಮಳೆ ಬಿಡುವು ಕೊಟ್ಟಾಗ ಮೇಲ್ಮಣ್ಣು ಒಣಗಿದ್ದರಷ್ಟೇ ನಾನು ಕೊಡುತ್ತೇನೆ. ಬೆಳಗಿನ ಬಿಸಿಲು ಬಳ್ಳಿಗೆ ಬೇಕು, ಬುಡಕ್ಕೆ ತರಗೆಲೆಯ ಹೊದಿಕೆ ಬೇಕು. ಮೊಗ್ಗು ಮೂಡುವಾಗ ಒಮ್ಮೆ ಎರೆಗೊಬ್ಬರ, ಸ್ವಲ್ಪ ಬೂದಿ ಸಾಕು.

ಈ ವಿಷವನ್ನೇ ಉಂಡು ಬದುಕುವ ಹುಳವೊಂದಿದೆ. ಪಾಲಿಟೆಲಾ ಗ್ಲೋರಿಯೋಸೇ ಎಂಬ ಪತಂಗದ ಮರಿಯದು, ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಗಳಿಂದ ದೂರಕ್ಕೇ ಎದ್ದು ಕಾಣುತ್ತದೆ. ಎಲೆಯಿಂದ ಶುರುಮಾಡಿ ಮೊಗ್ಗಿನವರೆಗೆ ತಿಂದು, ದಂಟನ್ನಷ್ಟೇ ಉಳಿಸುತ್ತದೆ. ಜುಲೈ ತಿಂಗಳಿನಲ್ಲಿ ದಿನಾ ಬೆಳಿಗ್ಗೆ ಎಲೆಗಳ ಅಡಿಭಾಗವನ್ನು ತಿರುವಿ ನೋಡಿ, ಮೊಟ್ಟೆಯ ಗುಂಪುಗಳಿರುವ ಎಲೆಯನ್ನು ಕಿತ್ತು, ಹುಳಗಳನ್ನು ಸೋಪಿನ ನೀರಿಗೆ ಹಾಕುತ್ತೇನೆ. ಬೇವಿನೆಣ್ಣೆ ಸಿಂಪಡಣೆ ಮರಿಗಳು ಎಳೆಯವಾಗಿದ್ದಾಗ ಸಹಾಯಕ್ಕೆ ಬರುತ್ತದೆ, ದೊಡ್ಡವಾದ ಮೇಲೆ ಕೈಯಿಂದ ಆರಿಸುವುದೇ ದಾರಿ.

ಹೂವನ್ನು ಸಮೀಪದಿಂದ ನೋಡುವ ಸುಖಕ್ಕಾಗಿಯೇ ಇಷ್ಟೆಲ್ಲ. ಮೊಗ್ಗು ತಲೆಕೆಳಗಾಗಿ ತೂಗುತ್ತದೆ. ಅರಳಿದಂತೆ ಆರೂ ಎಸಳುಗಳು ಮೇಲಕ್ಕೆ ಮಡಚಿಕೊಂಡು ಉರಿಯುವ ದೊಂದಿಯ ರೂಪ ತಾಳುತ್ತವೆ. ಮೊದಲು ಹಸಿರು ಬೆರೆತ ಹಳದಿ, ಆಮೇಲೆ ತುದಿಯಿಂದ ಇಳಿದುಬರುವ ಕಿತ್ತಳೆ, ಕೊನೆಗೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಈ ಎಲ್ಲ ಹಂತಗಳೂ ಒಟ್ಟಿಗೆ ಇರುತ್ತವೆ. ಆರು ಕೇಸರಗಳು ಸುತ್ತಲೂ ಚಾಚಿಕೊಂಡಿದ್ದರೆ, ಹೂವಿನ ಹೆಣ್ಣುಭಾಗದ ಕಡ್ಡಿಯಾದ ಶಲಾಕೆ ಮಾತ್ರ ಅಂಡಾಶಯದಿಂದ ಹೊರಡುವಾಗಲೇ ಲಂಬಕೋನದಲ್ಲಿ ಪಕ್ಕಕ್ಕೆ ಬಾಗಿ ದೂರ ನಿಲ್ಲುತ್ತದೆ. ಹಾಗಾಗಿ ತನ್ನ ಪರಾಗ ತನ್ನದೇ ಶಲಾಕಾಗ್ರಕ್ಕೆ ತಾಗುವುದು ಕಡಿಮೆ. ಚಿಟ್ಟೆಗಳು ವಿರಳವಾದ ನಗರದಲ್ಲಿ ಕಾಯಿ ಕಚ್ಚಬೇಕೆಂದರೆ ಬೀಜದ ಬೆಳೆಗಾರರು ಮಾಡುವಂತೆ ನಾವೇ ಪರಾಗಸ್ಪರ್ಶ ಮಾಡಬೇಕು. ಬಿಸಿಲೇರುವ ಮೊದಲು, ಪರಾಗದ ಚೀಲ ಒಡೆದಿರುವಾಗ, ಮೃದುವಾದ ಕುಂಚವನ್ನು ಒಂದು ಬಳ್ಳಿಯ ಕೇಸರಕ್ಕೆ ಮುಟ್ಟಿಸಿ, ಇನ್ನೊಂದು ಬಳ್ಳಿಯ ಶಲಾಕಾಗ್ರಕ್ಕೆ ಸವರುತ್ತೇನೆ. ಹಿಡಿದಿದ್ದರೆ ಕೆಲವು ದಿನಗಳಲ್ಲಿ ಎಸಳುಗಳ ನಡುವೆ ಹಸಿರು ಕಾಯಿ ಉಬ್ಬುತ್ತದೆ.

ಬೆಂಗಳೂರಿನಲ್ಲಿ ಕಷ್ಟ ಎದುರಾಗುವುದು ಹಿಂಗಾರಿನಲ್ಲಿ. ಬಳ್ಳಿ ಒಣಗಿ ಗೆಡ್ಡೆ ಮಲಗುವ ನವೆಂಬರ್ ತಿಂಗಳಿನಲ್ಲೇ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಇಲ್ಲಿ ದಿನಗಟ್ಟಲೆ ಜಿಟಿಜಿಟಿ ಮಳೆ ಹಿಡಿಯುತ್ತದೆ. ಬೇರಿಲ್ಲದ, ಎಲೆಯಿಲ್ಲದ ಗೆಡ್ಡೆ ಆ ನೀರನ್ನು ಏನೂ ಮಾಡಲಾರದೆ ಕೊಳೆಯುತ್ತದೆ. ಆದ್ದರಿಂದ ಎಲೆ ಹಳದಿಯಾಗುತ್ತಿದ್ದಂತೆ ಕುಂಡಗಳನ್ನು ಸಜ್ಜೆಯ ಕೆಳಗೆ ಸರಿಸಿ ನೀರು ಪೂರ್ತಿ ನಿಲ್ಲಿಸುತ್ತೇನೆ. ದಂಟು ತಾನಾಗಿ ಕಳಚಿಕೊಳ್ಳುವವರೆಗೆ ಕತ್ತರಿಸುವುದಿಲ್ಲ. ಎಲೆಯಲ್ಲಿ ಉಳಿದಿರುವುದೆಲ್ಲ ಹೊಸ ಗೆಡ್ಡೆಗೆ ಇಳಿಯಬೇಕು. ಕಳಚಿದ ಬಳ್ಳಿಯನ್ನು ಹಸಿ ಕಸಕ್ಕೆ ಹಾಕುವುದಿಲ್ಲ, ಬೀದಿಯ ಹಸುಗಳು ಕಸ ಕೆದಕಿ ತಿನ್ನುವ ನಗರವಿದು. ತೋಟದ ಮೂಲೆಯಲ್ಲಿ ಗುಂಡಿ ತೋಡಿ ಹೂಳುತ್ತೇನೆ.

ನೆಲದಲ್ಲಿರುವ ಗೆಡ್ಡೆಗಳನ್ನು ನಾನು ಡಿಸೆಂಬರ್ ಕೊನೆಗೆ ಅಗೆದು ತೆಗೆಯುತ್ತೇನೆ. ಹಳೆಯ ಗೆಡ್ಡೆ ಸೊರಗಿ ಸಿಪ್ಪೆಯಾಗಿರುತ್ತದೆ, ಅದರ ಪಕ್ಕದಲ್ಲೇ ಹೊಸದು ಬೆಳೆದಿರುತ್ತದೆ. ಈ ಹಂತದಲ್ಲಿ ನಾನು ಎಲ್ಲರಿಗೂ ಒತ್ತಿ ಹೇಳುವ ಮಾತೊಂದಿದೆ. ಅದು ಸಂಕ್ರಾಂತಿಯ ಸಮಯ. ಪ್ರತಿ ಮನೆಯಲ್ಲೂ ಅವರೆ, ಕಡಲೆಕಾಯಿಯ ಜೊತೆ ಬೇಯಿಸಲು ಗೆಣಸು ತಂದಿಟ್ಟಿರುತ್ತಾರೆ. ಮಣ್ಣು ಮೆತ್ತಿದ ಅಗ್ನಿಶಿಖೆಯ ಗೆಡ್ಡೆ ತೆಳ್ಳಗಿನ ಗೆಣಸನ್ನು ಹೋಲುತ್ತದೆ, ಇದನ್ನು ಗೆಣಸೆಂದು ಬೇಯಿಸಿ ತಿಂದು ಸತ್ತವರಿದ್ದಾರೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಆರಂಭವಾಗುತ್ತದೆ, ಅದು ನಿಂತಂತೆ ಕಂಡರೂ ಒಂದೆರಡು ದಿನಗಳಲ್ಲಿ ಮೂತ್ರಪಿಂಡ, ಹೃದಯ, ಮಜ್ಜೆ ಸೋಲತೊಡಗುತ್ತವೆ, ಬದುಕುಳಿದವರಿಗೂ ಕೆಲವು ವಾರಗಳಲ್ಲಿ ತಲೆಗೂದಲು ಉದುರುತ್ತದೆ. ಯಾರಾದರೂ ತಿಂದ ಅನುಮಾನ ಬಂದರೆ ಮನೆಮದ್ದಿಗೆ ಕಾಯದೆ, ಗಿಡದ ತುಂಡನ್ನೂ ಹಿಡಿದು ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿ ಗೆಡ್ಡೆಗಳನ್ನು ಅಡುಗೆಮನೆಯ ಹಾದಿಯಲ್ಲೇ ತರುವುದಿಲ್ಲ. ಒಣಮರಳು ತುಂಬಿದ ಡಬ್ಬಿಯಲ್ಲಿಟ್ಟು, ‘ವಿಷ’ ಎಂದು ಕೆಂಪಕ್ಷರದಲ್ಲಿ ಬರೆದು, ತಾರಸಿಯ ಕಪಾಟಿನಲ್ಲಿ ಬೀಗ ಹಾಕುತ್ತೇವೆ. ಮನೆಗೆಲಸಕ್ಕೆ ಬರುವ ಅಕ್ಕನಿಗೂ ಬೇಸಿಗೆ ರಜೆಗೆ ಬರುವ ಮೊಮ್ಮಕ್ಕಳಿಗೂ ಡಬ್ಬಿಯನ್ನು ತೋರಿಸಿಯೇ ಹೇಳಿದ್ದೇನೆ. ತೆವಳುವ ಮಗು ಅಥವಾ ಮಣ್ಣು ಕೆದಕುವ ನಾಯಿ ಇರುವ ಮನೆಯವರು ಕೇಳಿದರೆ ನಾನು ಗೆಡ್ಡೆ ಕೊಡುವುದಿಲ್ಲ.

ಬೀಜದಿಂದಲೂ ಗಿಡ ಮಾಡಬಹುದು, ತಾಳ್ಮೆ ಬೇಕು. ಕಾಯಿ ಕಡುಹಸಿರಿನಿಂದ ತಿಳಿಹಸಿರಿಗೆ ತಿರುಗಿ ಸಿಪ್ಪೆ ಸುಕ್ಕುಗಟ್ಟಿದಾಗ ಕಿತ್ತು ನೆರಳಿನಲ್ಲಿಟ್ಟರೆ, ಅದು ಒಡೆದು ಸಾಲಾಗಿ ಜೋಡಿಸಿದ ಕಿತ್ತಳೆಗೆಂಪು ಬೀಜಗಳು ಕಾಣುತ್ತವೆ. ಮಕ್ಕಳ ಕೈಗೆ ಅವು ಸಿಗಬಾರದು. ಮುಂದಿನ ಬೇಸಿಗೆಯ ಕೊನೆಗೆ ಮರಳು ಬೆರೆಸಿದ ಟ್ರೇಯಲ್ಲಿ ಬಿತ್ತುತ್ತೇನೆ. ಮೊಳಕೆ ಬರಲು ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಮೊದಲ ವರ್ಷ ಹುಲ್ಲಿನಂಥ ನಾಲ್ಕೆಲೆ ಬಿಟ್ಟು ಬಟಾಣಿ ಗಾತ್ರದ ಗೆಡ್ಡೆ ಕಟ್ಟಿ ಮಲಗುತ್ತದೆ. ಆ ಟ್ರೇಗೆ ದಿನಾಂಕದ ಚೀಟಿ ಅಂಟಿಸಿ, ಖಾಲಿ ಮಣ್ಣೆಂದು ಯಾರೂ ಸುರಿಯದಂತೆ ನೋಡಿಕೊಳ್ಳಬೇಕು. ಹೂವು ಬರುವುದು ಮೂರ್ನಾಲ್ಕು ಮಳೆಗಾಲ ಕಳೆದ ಮೇಲೆ.