ತೊಡೆದೇವು ರೀಲ್ ಓಡಬೇಕಾ? ಮೊದಲು ಡ್ರೋನ್ ಕೆಳಗಿಳಿಸಿ

ಶಿರಸಿ ಕಡೆ ಈಗ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವವರಿಂದ ಹಿಡಿದು ಹೋಂಸ್ಟೇ ನಡೆಸುವವರ ತನಕ ಎಲ್ಲರೂ ರೀಲ್ ಮಾಡುತ್ತಾರೆ. ಹೆಚ್ಚಿನವು ಶುರುವಾಗುವುದು ಒಂದೇ ಥರ. ಡ್ರೋನ್‌ನಲ್ಲಿ ಅಡಿಕೆ ತೋಟ, ಹಿಂದೆ ಚಂಡೆ, ತಿರುಗುವ ಲೋಗೋ, ಆಮೇಲೆ 'ನಮಸ್ಕಾರ ವೀಕ್ಷಕರೇ'. ಅಷ್ಟರಲ್ಲಿ ನೋಡುವವರ ಹೆಬ್ಬೆರಳು ಮುಂದಕ್ಕೆ ಸರಿಸಿ ಆಗಿರುತ್ತದೆ.

ಮೊದಲ ಶಾಟ್

ನೀವು ನಮ್ಮ ಕಡೆಯ ಹಾಳೆಯಂಥ ಸಿಹಿತಿಂಡಿ ತೊಡೆದೇವು ಮಾರುತ್ತೀರಿ ಅಂತಿಟ್ಟುಕೊಳ್ಳಿ. ಒಲೆ ಮೇಲೆ ಬೋರಲು ಹಾಕಿದ ಮಡಕೆಯಿಂದಲೇ ಶುರು ಮಾಡಿ. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟು, ಕೋಲಿಗೆ ಕಟ್ಟಿದ ಬಟ್ಟೆ. ಅದ್ದಿ ಒಮ್ಮೆ ಎಳೆದರೆ ಚುಂಯ್ ಅಂತ ಹಾಳೆ ಮೂಡುತ್ತದೆ. ಅಂಚು ಬಿಡಿಸಿ ಎತ್ತಿದರೆ ಆಚೆ ಬದಿಯ ಬೆಳಕು ಕಾಣುವಷ್ಟು ತೆಳು. ಕ್ಯಾಮೆರಾ ಮಡಕೆಗೆ ಹತ್ತಿರ ಇರಲಿ. ಮಾತೂ ಬೇಡ, ಸಿನಿಮಾ ಹಾಡೂ ಬೇಡ, ಆ ಸದ್ದೇ ಸಾಕು. ವ್ಯಾಪಾರಕ್ಕೆ ಬೇರೆಯವರ ಹಾಡು ಹಾಕಿದರೆ ಹಕ್ಕಿನ ತಕರಾರು ಬಂದು ವಿಡಿಯೋ ಮೂಕವಾಗುವುದೂ ಉಂಟು.

ಇದು ಯಾಕೆ ಓಡುತ್ತದೆ? ನ್ಯೂಯಾರ್ಕ್ ಟೈಮ್ಸ್‌ನ ಯಾವ ಲೇಖನಗಳನ್ನು ಜನ ಜಾಸ್ತಿ ಇಮೇಲ್ ಮಾಡುತ್ತಾರೆ ಎಂದು ಜೋನಾ ಬರ್ಗರ್ ಮತ್ತು ಕ್ಯಾಥರೀನ್ ಮಿಲ್ಕ್‌ಮನ್ ಎಂಬ ಅಮೆರಿಕದ ಸಂಶೋಧಕರು ನೋಡಿದ್ದರು. ಅವರ ಅಧ್ಯಯನ ಬಂದದ್ದು 2012ರಲ್ಲಿ. ಬೆರಗು, ಸಿಟ್ಟು, ಆತಂಕ ಹುಟ್ಟಿಸುವಂಥವು ಹೆಚ್ಚು ಹರಡುತ್ತಿದ್ದವು. ಬರೀ ಬೇಸರ ತರುವಂಥವು ಅಷ್ಟಾಗಿ ಹರಡುತ್ತಿರಲಿಲ್ಲ. 'ಸಂಪ್ರದಾಯ ಅಳಿಯುತ್ತಿದೆ, ನಮ್ಮನ್ನು ಉಳಿಸಿ' ಅನ್ನುವ ಗೋಳಿನ ವಿಡಿಯೋಗಳಿಗೆ ಲೈಕ್ ಬಿದ್ದರೂ ಶೇರ್ ಆಗದಿರುವುದಕ್ಕೆ ಇದೂ ಒಂದು ಕಾರಣ ಅನ್ನಿಸುತ್ತದೆ.

ಹೆಸರು ಬದಲಿಸಿ ನೋಡಿ

ಎಡಿಟ್ ಆದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮ್ಮ ಹೆಸರು ತೆಗೆದು ಪಕ್ಕದವರ ಹೆಸರು ಹಾಕಿ. ಆಗಲೂ ವಿಡಿಯೋ ಹಾಗೇ ನಡೆಯುತ್ತದಾ? ಹಾಗಾದರೆ ಅದು ನಿಮ್ಮ ಜಾಹೀರಾತೇ ಅಲ್ಲ. ಗೋಕರ್ಣದ ಓಂ ಬೀಚ್‌ನ ಸೂರ್ಯಾಸ್ತ ಎಷ್ಟೇ ಚೆಂದ ಇದ್ದರೂ ಅದರಿಂದ ನಿಮ್ಮ ರೂಮು ಬುಕ್ ಆಗುವುದಿಲ್ಲ.

ಅಮೆರಿಕದ ಬ್ಲೆಂಡ್‌ಟೆಕ್ ಕಂಪನಿ 2006ರಲ್ಲಿ ತನ್ನ ಮಿಕ್ಸರ್‌ಗೆ ಗೋಲಿ ಹಾಕಿ ರುಬ್ಬಿತು. ಮರುವರ್ಷ ಐಫೋನನ್ನೇ ಹಾಕಿತು! ನಗು ಬರುವುದೂ ಅದರಲ್ಲೇ, ಮಿಕ್ಸರ್ ಎಷ್ಟು ಗಟ್ಟಿ ಅಂತ ತಿಳಿಯುವುದೂ ಅದರಲ್ಲೇ. ಮೊದಲ ವಿಡಿಯೋಗಳಿಗೆ ಆದ ಖರ್ಚು ಸುಮಾರು 50 ಡಾಲರ್ ಅಷ್ಟೇ.

ಯಾವಾಗ, ಯಾರಿಗೆ

ಆಲೆಮನೆ ಕಾಲದಲ್ಲೇ ಹಾಕಿ. ಆಗ ಕಬ್ಬಿನ ಹಾಲೂ ಸಿಗುತ್ತದೆ, ಊರು ಬಿಟ್ಟವರಿಗೆ ನೆನಪೂ ಆಗುತ್ತದೆ. ಮೊದಲು ಕಳಿಸಬೇಕಾದ್ದು ಬೆಂಗಳೂರಿನಲ್ಲಿರುವ ನಮ್ಮ ಕಡೆಯವರಿಗೆ. 'ನೋಡೇ, ಅಜ್ಜಿ ಮಾಡ್ತಿತ್ತು ಅಲ್ದಾ' ಅಂತ ಅಕ್ಕನಿಗೋ ತಂಗಿಗೋ ಕಳಿಸುವವರು ಅವರೇ. ರೀಲ್ ಮೊದಲು ಸ್ವಲ್ಪ ಜನರಿಗೆ ಕಾಣುತ್ತದೆ. ಅವರು ಕೊನೆಯವರೆಗೆ ನೋಡಿ ಇನ್ನೊಬ್ಬರಿಗೆ ಕಳಿಸಿದರೆ ಇನ್ನಷ್ಟು ಜನರಿಗೆ ಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಅದೃಷ್ಟ ಬೇಕು. ವೈರಲ್ ಗ್ಯಾರಂಟಿ ಅಂತ ದುಡ್ಡು ಕೇಳುವವರನ್ನು ದೂರ ಇಡಿ.

ಬೆಲೆ, ವಾಟ್ಸ್ಆ್ಯಪ್ ನಂಬರ್, ಊರು ಇವು ಕ್ಯಾಪ್ಶನ್‌ನ ಮೊದಲ ಸಾಲಿನಲ್ಲೇ ಇರಲಿ. 'ರೇಟಿಗೆ ಮೆಸೇಜ್ ಮಾಡಿ' ಅಂದರೆ ಅರ್ಧ ಜನ ಅಲ್ಲೇ ಬಿಡುತ್ತಾರೆ.

ಓಡಿಬಿಟ್ಟರೆ?

ಇದನ್ನು ಯಾರೂ ಯೋಚಿಸುವುದಿಲ್ಲ. 2012ರಲ್ಲಿ ಡಾಲರ್ ಶೇವ್ ಕ್ಲಬ್ ಎಂಬ ಬ್ಲೇಡ್ ಕಂಪನಿಯ ವಿಡಿಯೋ ಹಿಟ್ ಆಗಿ ವೆಬ್‌ಸೈಟೇ ಕುಸಿಯಿತು. ಎರಡು ದಿನಕ್ಕೆ ಸುಮಾರು 12,000 ಆರ್ಡರ್. ಬ್ಲೇಡಾದರೆ ತಡವಾದರೂ ಕಳಿಸಬಹುದು. ತೊಡೆದೇವನ್ನು ಒಂದೊಂದಾಗಿ ಕೈಯಲ್ಲೇ ಎಳೆಯಬೇಕು, ಅಲ್ವಾ? ವಾರಕ್ಕೆ ಎಷ್ಟು ಪ್ಯಾಕೆಟ್ ಸಾಧ್ಯ ಅಂತ ಮೊದಲೇ ಬರೆದುಬಿಡಿ. ಗಟ್ಟಿ ಡಬ್ಬಿಗೆ ತುಂಬಿ ಬೆಂಗಳೂರಿನ ನೆಂಟರೊಬ್ಬರಿಗೆ ಕೊರಿಯರ್ ಮಾಡಿ. ಪುಡಿಯಾಗದೆ ಮುಟ್ಟಿತು ಅಂತ ಫೋನ್ ಬಂದ ಮೇಲೆ ಪೋಸ್ಟ್ ಒತ್ತಿ.