57.7 ಬಂತು ಅಂತ ಖುಷಿಪಟ್ಟಿದ್ದೇ ತಪ್ಪಾಯ್ತು

ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕಾಸ್ಟಿಕ್ ಸೋಡಾ ದ್ರಾವಣ ಸುರಿದು, ಎಷ್ಟು ಡಿಗ್ರಿ ಬಿಸಿ ಏರಿತು ಅಂತ ನೋಡುವುದು ಪಿಯುಸಿ ಲ್ಯಾಬಿನ ಹಳೇ ಪ್ರಯೋಗ. ಪಾಠ ಮಾಡಲು ಸೇರಿದ ಹೊಸದರಲ್ಲಿ ನಾನೂ ತರಗತಿಗೆ ಮೊದಲು ಒಮ್ಮೆ ಮಾಡಿ ನೋಡೋಣ ಅಂತ ಕೂತೆ. ಒಂದು ಸ್ಟೀಲ್ ಲೋಟ, ಮುಚ್ಚಲು ಥರ್ಮಕೋಲ್ ತುಂಡು, 0.1 ಡಿಗ್ರಿ ಗೆರೆಗಳಿರುವ ಥರ್ಮಾಮೀಟರ್. ಅಷ್ಟೇ.

ಎರಡೂ ಒಂದು ಮೋಲಾರ್ (ಲೀಟರಿಗೆ ಒಂದು ಮೋಲ್; ಮೋಲ್ ಅಂದರೆ ಕಣಗಳ ಒಂದು ನಿಗದಿತ ಎಣಿಕೆ), ತಲಾ 100 ಮಿಲಿ. ಲೋಟದಲ್ಲಿದ್ದ ಆಮ್ಲ 27.0 ಡಿಗ್ರಿ ಇತ್ತು. ಸೋಡಾ ಸುರಿದು ಕಲಕಿದೆ, 33.9ಕ್ಕೆ ಏರಿತು. 200 ಗ್ರಾಂ, 4.18 (ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು ಬೇಕಾದ ಜೂಲ್, ಅಂದರೆ ಒಂದು ಕ್ಯಾಲೊರಿ), 6.9 ಗುಣಿಸಿದರೆ 5768 ಜೂಲ್. ಇದು 0.1 ಮೋಲ್‌ಗೆ, ಅಂದರೆ ಮೋಲ್‌ಗೆ 57.7 ಕಿಲೋಜೂಲ್. ಆಮ್ಲ, ಸೋಡಾ ಸೇರಿದಾಗ ಬರುವ ಶಾಖ ಅಂತ ಪುಸ್ತಕದಲ್ಲಿರುವುದು 57.3! ಸ್ಟೀಲ್ ಲೋಟದಲ್ಲಿ ಇಷ್ಟು ಸರಿಯಾಗಿ ಬಂತಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಷ್ಟರಲ್ಲಿ ಪಾತ್ರೆ ತೊಳೆಯಲು ಬಂದ ಅಟೆಂಡರ್ ಸೋಡಾ ಬಾಟಲಿ ಹಿಡಿದು, "ಮೇಡಂ, ಇದಿನ್ನೂ ಬೆಚ್ಚಗಿದೆ, ಒಳಗೆ ಇಡ್ಲಾ?" ಅಂದರು.

ಆಗ ಹೊಳೆಯಿತು. ಕಾಸ್ಟಿಕ್ ಸೋಡಾ ನೀರಿಗೆ ಹಾಕಿದರೇ ಬಿಸಿಯಾಗುತ್ತದೆ. ಲೀಟರಿಗೆ 40 ಗ್ರಾಂ ಕರಗಿಸಿದರೆ ಹತ್ತು ಡಿಗ್ರಿ ಏರುತ್ತದೆ. ನಾನು ಅರ್ಧ ಗಂಟೆ ಹಿಂದಷ್ಟೇ ಕರಗಿಸಿದ್ದೆ, ಅದರ ಉಷ್ಣತೆ ನೋಡಿರಲೇ ಇಲ್ಲ. ಥರ್ಮಾಮೀಟರ್ ಇಟ್ಟರೆ ಇನ್ನೂ 31! ಮಾರನೇ ದಿನ ಪೂರ್ತಿ ತಣಿದ ಮೇಲೆ ಅದೇ ಲೋಟದಲ್ಲಿ ಮಾಡಿದರೆ ಏರಿದ್ದು ಬರೀ 5.2 ಡಿಗ್ರಿ, ಲೆಕ್ಕಕ್ಕೆ 43.5 ಕಿಲೋಜೂಲ್. ಲೋಟ ನುಂಗಿದ ಶಾಖವನ್ನು ಬಿಸಿ ಸೋಡಾ ತುಂಬಿಕೊಟ್ಟಿತ್ತು, ಎರಡು ತಪ್ಪು ಸೇರಿ ಒಂದು ಸರಿ ಉತ್ತರ ಕೊಟ್ಟಿದ್ದವು. ಸುಮ್ನೆ ಪುಸ್ತಕದ ಸಂಖ್ಯೆ ಬಂತು ಅಂತ ನಂಬಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಆಮೇಲೆ ಮನೆಯಿಂದ ಒಳಗೆ ಗಾಜಿರುವ ಹಳೇ ಟೀ ಫ್ಲಾಸ್ಕ್ ತಂದೆ. (ಅದರಲ್ಲಿ ಮತ್ತೆ ಟೀ ಹಾಕಿಲ್ಲ, ನೀವೂ ಹಾಕಬೇಡಿ.) ಫ್ಲಾಸ್ಕ್ ಕೂಡ ಸ್ವಲ್ಪ ಶಾಖ ಕುಡಿಯುತ್ತದೆ, ಎಷ್ಟು ಅಂತ ಮೊದಲು ತಿಳಿಯಬೇಕು. ಅದರಲ್ಲಿ 27.0 ಡಿಗ್ರಿಯ 100 ಗ್ರಾಂ ನೀರು ಬಿಟ್ಟು, 47.0ರ ಬಿಸಿ ನೀರು 100 ಗ್ರಾಂ ಸುರಿದೆ. ನಡುವೆ ಸರಿಯಾಗಿ 37 ಬರಬೇಕಿತ್ತು, ಬಂದದ್ದು 36.2. ಬಿಸಿ ನೀರು ಕಳೆದುಕೊಂಡಿದ್ದು 1080 ಕ್ಯಾಲೊರಿ, ತಣ್ಣೀರಿಗೆ ಸಿಕ್ಕಿದ್ದು 920. ಉಳಿದ 160 ಫ್ಲಾಸ್ಕಿನ ಪಾಲು. ಅದನ್ನು ಫ್ಲಾಸ್ಕ್ ಏರಿದ 9.2 ಡಿಗ್ರಿಯಿಂದ ಭಾಗಿಸಿದರೆ 17 ಚಿಲ್ಲರೆ, ಅಂದರೆ ನನ್ನ ಫ್ಲಾಸ್ಕು 17 ಗ್ರಾಂ ನೀರಿಗೆ ಸಮ. ಲೆಕ್ಕದಲ್ಲಿ 200ರ ಬದಲು 217 ಹಾಕಬೇಕು.

ಇನ್ನೊಂದು ತೊಂದರೆ ಸೋಡಾದ್ದೇ. ಗುಳಿಗೆಗಳು ತೂಗುವಷ್ಟರಲ್ಲೇ ಗಾಳಿಯ ತೇವ ಎಳೆದು ಅಂಟಂಟಾಗುತ್ತವೆ, ಹಾಗಾಗಿ ತೂಕ ನಂಬುವ ಹಾಗಿಲ್ಲ. ಆಕ್ಸಾಲಿಕ್ ಆಮ್ಲದ ಜೊತೆ ಟೈಟ್ರೇಶನ್ (ಸಾಂದ್ರತೆ ಗೊತ್ತಿರುವ ದ್ರಾವಣದ ಜೊತೆ ಹನಿಹನಿಯಾಗಿ ಸೇರಿಸಿ ಅಳೆಯುವುದು) ಮಾಡಿದರೆ ನನ್ನ 'ಒಂದು ಮೋಲಾರ್' 0.96 ಅಂತ ಗೊತ್ತಾಯ್ತು.

ಎರಡೂ ಬಾಟಲಿಗಳನ್ನು ರಾತ್ರಿಯಿಡೀ ಒಂದೇ ಬಕೆಟ್ ನೀರಿನಲ್ಲಿಟ್ಟೆ. ಬೆಳಿಗ್ಗೆ ಅರ್ಧ ನಿಮಿಷಕ್ಕೊಮ್ಮೆ ಉಷ್ಣತೆ ಬರೆಯುತ್ತಾ, ಮೂರನೇ ನಿಮಿಷಕ್ಕೆ ಸುರಿದು, ಆಮೇಲೂ ಹತ್ತು ನಿಮಿಷ ಬರೆದೆ. ಅಷ್ಟರಲ್ಲಿ ಹೊರಗೆ ಸೋರಿದ ಶಾಖವನ್ನೂ ಲೆಕ್ಕಕ್ಕೆ ಹಿಡಿಯಲು ಗ್ರಾಫಿನಲ್ಲಿ ಇಳಿಯುವ ಗೆರೆಯನ್ನು ಮೂರನೇ ನಿಮಿಷದವರೆಗೆ ಹಿಂದಕ್ಕೆ ಎಳೆದಾಗ 5.9 ಡಿಗ್ರಿ ಸಿಕ್ಕಿತು. 217 × 4.18 × 5.9, ಅದನ್ನು 0.096 ಮೋಲ್‌ನಿಂದ ಭಾಗಿಸಿದರೆ 55.7 ಕಿಲೋಜೂಲ್.

ಮೊದಲ ದಿನದ 57.7ಕ್ಕಿಂತ ಇದು ಪುಸ್ತಕದಿಂದ ದೂರ, ಆದರೂ ರೆಕಾರ್ಡಿಗೆ ಇದನ್ನೇ ಬರೆದೆ. ವಿನೆಗರಿನಲ್ಲಿರುವ ದುರ್ಬಲ ಅಸಿಟಿಕ್ ಆಮ್ಲಕ್ಕೆ ಸ್ವಲ್ಪ ಕಡಿಮೆ ಬರುತ್ತದಂತಲ್ಲ, ತೋರಿಸಿ ಅಂತ ಹುಡುಗಿಯೊಬ್ಬಳು ಕೇಳಿದಳು. ಮಾಡಿದೆವು, 5.8 ಡಿಗ್ರಿ ಬಂತು. ವ್ಯತ್ಯಾಸ ಒಂದು ಗೆರೆ. ಎರಡನೇ ಸಲ ಮಾಡಿದಾಗ ಅದೂ 5.9 ಆಯಿತು.