ಸಣ್ಣ ಬಜೆಟ್ ಸಿನಿಮಾದ ಹಿಂದೆ ಕೇಳಿ ಹೋಗುವ ಹಾಡು: ಪತ್ತೆ ಹಚ್ಚುವ ಬಗೆ

ಚಹಾದಂಗಡಿಯ ದೃಶ್ಯದಲ್ಲಿ ರೇಡಿಯೊ ಹಾಡುತ್ತದೆ, ಇಲ್ಲವೆ ಜಾತ್ರೆಯ ಮೈಕಿನಲ್ಲಿ ಯಾವುದೋ ಪದ (ಹಾಡು) ಕೇಳಿಸುತ್ತದೆ. ಸಿನಿಮಾದ ಹಾಡಿನ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ. ಇಂಥದ್ದನ್ನು ಸಿನಿಮಾದ ಹೆಸರು ಹಿಡಿದು ಹುಡುಕಿ ಫಲವಿಲ್ಲ. ಅದು ಹಳೆಯ ಕ್ಯಾಸೆಟ್ಟಿನದೋ, ಊರ ಭಜನಾ ಮೇಳದವರು ಹಾಡಿದ್ದೋ, ಸ್ಟಾಕ್ ಸಂಗೀತವೋ (ಯಾರು ಬೇಕಾದರೂ ಕೊಂಡು ಬಳಸುವ ಸಿದ್ಧ ಸಂಗೀತ) ಎಂಬುದನ್ನು ಮೊದಲು ಅಂದಾಜು ಮಾಡಿ. ಮೂರಕ್ಕೂ ದಾರಿ ಬೇರೆ.

ಮಾತು ಕಡಿಮೆ ಇರುವ 10–15 ಸೆಕೆಂಡಿನ ತುಣುಕು ಆರಿಸಿ, ಹಾಡು ಗುರುತಿಸುವ ಆ್ಯಪ್ ಆದ ಶಝಾಮ್‌ಗೆ ಕೇಳಿಸಿ. ಫ್ಯಾನಿನ ಕೆಳಗೆ ಕೂತು ಟಿವಿ ಮುಂದೆ ಫೋನು ಹಿಡಿಯಬೇಡಿ. ಅದೇ ಫೋನಿನಲ್ಲಿ ವಿಡಿಯೊ ಹಚ್ಚಿ ಅಲ್ಲೇ ಹಿಡಿಸುವುದು ಮೇಲು. ಶಝಾಮ್ ಗುರುತಿಸುವುದು ರಾಗವನ್ನಲ್ಲ, ನಿರ್ದಿಷ್ಟ ಧ್ವನಿಮುದ್ರಣವನ್ನು. ಅದೇ ಪದವನ್ನು ಬೇರೆಯವರು ಹಾಡಿದ್ದರೆ ಅದಕ್ಕೆ ಗೊತ್ತಾಗದು. ಆಗ ಗೂಗಲ್ ಆ್ಯಪಿನಲ್ಲಿ ನೀವೇ ಗುನುಗಿ ನೋಡಬಹುದು, ಆದರೆ ಅದು ಹೆಚ್ಚು ಜನಪ್ರಿಯ ಹಾಡುಗಳ ಕಡೆಗೇ ವಾಲುತ್ತದೆ.

ಸಿಗದಿದ್ದರೆ ಎರಡು ಅಡ್ಡಿಗಳನ್ನು ಪರೀಕ್ಷಿಸಿ.

ಒಂದು, ವೇಗ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು ಟಿವಿಗಾಗಿ 25ಕ್ಕೆ ಓಡಿಸಿದ್ದರೆ ಹಾಡು ಸುಮಾರು ಶೇ. 4ರಷ್ಟು ವೇಗವಾಗಿ, ಮುಕ್ಕಾಲು ಅರೆಸ್ವರದ (ಸೆಮಿಟೋನ್) ಹತ್ತಿರ ಮೇಲೇರಿರುತ್ತದೆ. ಆಡಾಸಿಟಿ ಎಂಬ ಧ್ವನಿ ಸಂಕಲನದ ತಂತ್ರಾಂಶದಲ್ಲಿ ವೇಗ ಮತ್ತು ಶ್ರುತಿ ಒಟ್ಟಿಗೆ ಬದಲಿಸುವ ಎಫೆಕ್ಟ್ ತೆರೆದು ಮೈನಸ್ 4 ಕೊಡಿ. ಕಾಪಿರೈಟ್ ತಪ್ಪಿಸಲು ಯೂಟ್ಯೂಬಿಗೆ ಹಾಕಿದವರು ಶ್ರುತಿ ಮಾತ್ರ ಏರಿಸಿರುವುದೂ ಉಂಟು. ನಟರ ದನಿಯೆಲ್ಲ ಹುಡುಗರ ದನಿಯಂತೆ ಕೇಳಿದರೆ ಅದೇ ಅನುಮಾನ. ಅರ್ಧರ್ಧ ಅರೆಸ್ವರ ಇಳಿಸುತ್ತ ಹೋಗಿ.

ಎರಡು, ಮಾತು. ನಿಮ್ಮ ಪ್ರತಿಯಲ್ಲಿ 5.1 ಧ್ವನಿ (ಆರು ಬೇರೆ ಬೇರೆ ಚಾನಲ್‌ಗಳದ್ದು) ಇದ್ದರೆ ಕೆಲಸ ಹಗುರ. ವಿಡಿಯೊ ಕಡತ ಓದಿಸುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಜೋಡಿಸಿದ ಆಡಾಸಿಟಿಯಲ್ಲಿ ಆರು ಟ್ರ್ಯಾಕ್ ತೆರೆಯುತ್ತವೆ. ಸಾಮಾನ್ಯವಾಗಿ ಮೂರನೆಯದು ನಡುವಿನ ಚಾನಲ್, ಸಂಭಾಷಣೆ ಬಹುಪಾಲು ಅಲ್ಲೇ. ಅದನ್ನು ಮ್ಯೂಟ್ ಮಾಡಿ ಉಳಿದದ್ದನ್ನು ಕೇಳಿ. ಬರೀ ಸ್ಟೀರಿಯೊ ಇದ್ದರೆ ಅಲ್ಟಿಮೇಟ್ ವೋಕಲ್ ರಿಮೂವರ್ ಎಂಬ ಉಚಿತ ತಂತ್ರಾಂಶವಿದೆ. ಅದಕ್ಕೆ ನಟ, ಗಾಯಕ ಎಂಬ ಭೇದವಿಲ್ಲ. ಇಬ್ಬರನ್ನೂ ಒಟ್ಟಿಗೇ ಎತ್ತಿಬಿಡುತ್ತದೆ. ಉಳಿದ ವಾದ್ಯದ ಭಾಗವನ್ನೇ ಶಝಾಮ್‌ಗೆ ಕೊಡಬೇಕಾಗುತ್ತದೆ.

ಉತ್ತರ ಬಂದ ಕೂಡಲೇ ನಂಬಬೇಡಿ. ಒಂದೇ ಸ್ಟಾಕ್ ತುಣುಕನ್ನು ಹತ್ತಾರು ಮಂದಿ ಕೊಂಡು ಬಳಸುತ್ತಾರೆ, ಅದರ ಮೇಲೆ ರ‍್ಯಾಪ್ ಹಾಡಿದವನ ಹೆಸರೂ ಬರಬಹುದು. ಹಾಡಿನ ಬಿಡುಗಡೆ ಸಿನಿಮಾಕ್ಕಿಂತ ಈಚೆಯದಾದರೆ ಮೂಲ ಬೇರೆಲ್ಲೋ ಇರಬಹುದು.

ಇನ್ನು ನಮ್ಮ ಕಡೆಯ ಪದಗಳು. ಕಿವಿಗೆ ಬಿದ್ದ ಒಂದು ಸಾಲನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆದು ಹುಡುಕಿ. ಕ್ಯಾಸೆಟ್ ಹಾಡನ್ನು ಯೂಟ್ಯೂಬಿಗೆ ಏರಿಸುವವರು ಹೆಚ್ಚಾಗಿ ಇಂಗ್ಲಿಷ್ ಅಕ್ಷರವನ್ನೇ ಬಳಸುತ್ತಾರೆ. ಅಂಕಿತ (ಪದ ಬರೆದವರ ಮುದ್ರೆಯ ಹೆಸರು) ಕೇಳಿದರೆ ಅರ್ಧ ಕೆಲಸ ಮುಗಿದಂತೆ: ಶಿಶುನಾಳಧೀಶ ಎಂದರೆ ಶಿಶುನಾಳ ಶರೀಫರು (1819–1889), ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು. ಇಬ್ಬರೂ ಇಂದಿನ ಹಾವೇರಿ ಜಿಲ್ಲೆಯ ನೆಲದವರೇ. ತೊಂದರೆ ಏನೆಂದರೆ ಅಂಕಿತ ಬರುವುದು ಕೊನೆಯ ನುಡಿಯಲ್ಲಿ, ಸಿನಿಮಾದವರು ಪಲ್ಲವಿಗೇ ಕತ್ತರಿ ಹಾಕಿರುತ್ತಾರೆ. ಆಗ ಪಲ್ಲವಿ ಹಿಡಿದು ತತ್ವಪದ ಸಂಕಲನಗಳ ಅಕಾರಾದಿ ನೋಡಬೇಕು. ಇಷ್ಟಾದರೂ ಸಿಕ್ಕಿದ್ದು ಪದ ಬರೆದವರು ಮಾತ್ರ, ಹಾಡಿದವರಲ್ಲ.

ಹಾಡಿದವರಿಗಾಗಿ ಟೈಟಲ್ ಕಾರ್ಡನ್ನು ನಿಲ್ಲಿಸಿ ನಿಲ್ಲಿಸಿ ಓದಿ. ‘ಕೃತಜ್ಞತೆಗಳು’ ಎಂಬ ಕಡೆ ಊರ ಭಜನಾ ಮಂಡಳಿಯ ಹೆಸರು ಸಣ್ಣಕ್ಷರದಲ್ಲಿ ಇರಬಹುದು. ಶುರುವಿನ ಸೆನ್ಸಾರ್ ಪ್ರಮಾಣಪತ್ರದಲ್ಲಿ ನಿರ್ಮಾಪಕರ ಹೆಸರು, ವರ್ಷ ಸಿಗುತ್ತವೆ. ಒಂದೇ ಹೆಸರಿನ ಎರಡು ಸಿನಿಮಾ ಇದ್ದಾಗ ಇದೇ ಆಧಾರ. ನಿರ್ದೇಶಕರಿಗಿಂತ ಸಂಕಲನಕಾರರನ್ನೋ ಧ್ವನಿ ವಿನ್ಯಾಸಕರನ್ನೋ ಕೇಳಿ, ತುಣುಕು ತಂದು ಜೋಡಿಸುವುದು ಹೆಚ್ಚಾಗಿ ಅವರೇ.

ಗದಗ, ಹುಬ್ಬಳ್ಳಿ ಕಡೆಯ ಹಿರಿಯ ಕಲಾವಿದರಿಗೆ ಕಳಿಸುವಾಗ ಇಡೀ ವಿಡಿಯೊ ಕಳಿಸಬೇಡಿ. 20 ಸೆಕೆಂಡಿನ ಆಡಿಯೊ, ಕೆಳಗೆ ಕೇಳಿಸಿದ ಸಾಲು, ಜೊತೆಗೆ ‘ಈ ಪದ ಯಾರು ಹಾಡ್ಯಾರ್ರಿ?’ ಎಂಬ ಒಂದೇ ಪ್ರಶ್ನೆ. ಯಾರಾದರೂ ಹೆಸರು ಹೇಳಿದರೆ ಆ ಧ್ವನಿಮುದ್ರಣವನ್ನೂ ಸಿನಿಮಾದ್ದನ್ನೂ ಒಂದರ ಹಿಂದೊಂದು ಕೇಳಿ. ಪೇಟಿಯ (ಹಾರ್ಮೋನಿಯಂ) ತಿರುವು, ಗಾಯಕರು ಉಸಿರು ತೆಗೆದುಕೊಳ್ಳುವ ಜಾಗ ಎರಡರಲ್ಲೂ ಒಂದೇ ಇರಬೇಕು. ಉಸಿರಿನ ಜಾಗ ಬೇರೆಯಾದರೆ ಗಾಯಕರು ಅವರೇ ಆಗಿದ್ದರೂ ಮುದ್ರಣ ಬೇರೆ.